ಹಿಮಯುಗದಲ್ಲಿ ಯಾವ ಕಾರು ಓಡ್ತಿತ್ತು?

ಕ್ಲೈಮೇಟ್ ಚೇಂಜ್ ಬಗ್ಗೆ ಮಾತು ಎತ್ತಿದ್ರೆ ಸಾಕು, ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. "ಭೂಮಿ ಹುಟ್ಟಿದಾಗಿಂದ ಹವಾಮಾನ ಬದಲಾಗ್ತಾನೇ ಇದೆ ಸ್ವಾಮಿ, ಹಿಮಯುಗ ಬಂತು, ಹೋಯ್ತು, ಆಗ ಯಾವ ಕಾರು ಓಡ್ತಿತ್ತು, ಯಾವ ಫ್ಯಾಕ್ಟರಿ ಹೊಗೆ ಬಿಡ್ತಿತ್ತು?" ಕೇಳಿದ ಮೇಲೆ ಗೆದ್ದವರ ಥರ ಎದ್ದು ಹೋಗ್ತಾರೆ. ನಂಗೆ ಈ ಪ್ರಶ್ನೆ ಮೇಲೆ ಸಿಟ್ಟಿಲ್ಲ, ನಿಜ ಹೇಳ್ಬೇಕಂದ್ರೆ ಇದು ಒಳ್ಳೇ ಪ್ರಶ್ನೆ. ಬೇಜಾರು ಏನಂದ್ರೆ ಕೇಳಿದವರು ಉತ್ತರಕ್ಕೆ ನಿಲ್ಲಲ್ಲ. ಅಲ್ಲ, ಹಿಮಯುಗ ಅಂತ ಒಂದು ಇತ್ತು ಅಂತ ಅವರಿಗೆ ಹೇಳಿದ್ದಾದ್ರೂ ಯಾರು? ಅಜ್ಜಿ ಕಥೆಯಲ್ಲಿ ಬಂದಿದ್ದಲ್ಲ, ಯಾವ ಪುರಾಣದಲ್ಲೂ ಇರಲಿಲ್ಲ. ಕಲ್ಲು, ಕೆಸರು, ಐಸ್ ತುಂಡು ಇಟ್ಕೊಂಡು ಸುಮಾರು 200 ವರ್ಷ ತಲೆ ಕೆಡಿಸಿಕೊಂಡ ಜನ ಹೇಳಿದ್ದು. ಅದೇ ಐಸ್ ತುಂಡು ಹೇಳೋ ಮೊದಲ ಮಾತು ಬೇಕು, ಎರಡನೇ ಮಾತು ಬೇಡ ಅಂದ್ರೆ ಹೇಗೆ?

ಅದಕ್ಕೇ ಹಿಮಯುಗ ಇತ್ತು ಅಂತ ಗೊತ್ತಾಗಿದ್ದು ಹೇಗೆ ಅನ್ನೋದರಿಂದಲೇ ಶುರು ಮಾಡೋಣ. ಕಾರಿನ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ.

ಶುರುವಾಗಿದ್ದು ದಾರಿ ತಪ್ಪಿದ ಕಲ್ಲುಗಳಿಂದ. ಸ್ವಿಟ್ಜರ್ಲೆಂಡಿನ ಜುರಾ ಬೆಟ್ಟಗಳು ಪೂರ್ತಿ ಸುಣ್ಣದಕಲ್ಲು, ಆದ್ರೆ ಅದರ ಇಳಿಜಾರಿನ ಮೇಲೆ ಅಲ್ಲಲ್ಲಿ ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು ಕೂತಿವೆ, ಆ ಗ್ರಾನೈಟ್ ಸಿಗೋದು ನೂರು ಕಿಲೋಮೀಟರ್ ಆಚೆ ಆಲ್ಪ್ಸ್‌ನ ಮೋಂಟ್ ಬ್ಲಾಂಕ್ ಶಿಖರದ ಕಡೆ. ಮಧ್ಯೆ ದೊಡ್ಡ ಕಣಿವೆ ಬೇರೆ. ಇದನ್ನ ಯಾರು ಹೊತ್ತು ತಂದ್ರು? ಬೈಬಲ್ಲಿನ ಜಲಪ್ರಳಯ ತಂತು ಅಂತ ಒಂದಷ್ಟು ಜನ ಅಂದ್ರು, ಇಲ್ಲ ಆಗ ಇಲ್ಲೆಲ್ಲ ಸಮುದ್ರ ಇತ್ತು, ತೇಲೋ ಐಸ್‌ಬರ್ಗ್ ಮೇಲೆ ಕೂತು ಬಂತು ಅಂತ ಇನ್ನೊಂದಷ್ಟು ಜನ. ಸರಿಯಾದ ಉತ್ತರ ಹೇಳಿದ್ದು ಜಾನ್ ಪಿಯರ್ ಪೆರೋಡಿನ್ ಅನ್ನೋ ಬೆಟ್ಟದ ಬೇಟೆಗಾರ. ಹಿಮನದಿ ಪಕ್ಕದಲ್ಲೇ ಬದುಕಿದವನು, ಗ್ಲೇಸಿಯರ್ ಕಲ್ಲು ಹೊತ್ಕೊಂಡು ಬರೋದನ್ನ, ಬಂಡೆ ಮೇಲೆ ಗೀರು ಹಾಕೋದನ್ನ ಕಣ್ಣಾರೆ ನೋಡಿದವನು. 1815ರಲ್ಲಿ ಅವನು ಷಾರ್ಪಾಂಟಿಯೆ ಅನ್ನೋ ಗಣಿ ಎಂಜಿನಿಯರ್‌ಗೆ, ನಮ್ಮ ಹಿಮನದಿ ಹಿಂದೆ ಕೆಳಗಿನ ಮಾರ್ಟಿನಿ ಊರಿನ ತನಕ ಇತ್ತು ಅಂದ. ಓದಿದ ಮನುಷ್ಯ ಅದನ್ನ ತಲೆಗೇ ಹಾಕ್ಕೊಳ್ಳಲಿಲ್ಲ. ಆಮೇಲೆ ವೆನೆಟ್ಜ್ ಅನ್ನೋ ಇನ್ನೊಬ್ಬ ಎಂಜಿನಿಯರ್ ಸಾಕ್ಷಿ ಗುಡ್ಡೆ ಹಾಕಿದ ಮೇಲೆ ಷಾರ್ಪಾಂಟಿಯೆ ಒಪ್ಪಿದ, ಅವನು ಮೀನಿನ ಪಳೆಯುಳಿಕೆ ತಜ್ಞ ಲೂಯಿ ಅಗಾಸಿಯನ್ನ ಒಪ್ಪಿಸಿದ, ಅಗಾಸಿ 1837ರಲ್ಲಿ ನ್ಯೂಶಾಟೆಲ್‌ನಲ್ಲಿ ಎದ್ದು ನಿಂತು ಯುರೋಪಿನ ದೊಡ್ಡ ಭಾಗ ಒಂದು ಕಾಲದಲ್ಲಿ ಐಸ್ ಕೆಳಗಿತ್ತು ಅಂದ. ಮೀನಿನ ಪಳೆಯುಳಿಕೆ ಬಗ್ಗೆ ಮಾತಾಡ್ತಾನೆ ಅಂತ ಬಂದಿದ್ದ ಸಭೆ ದಂಗಾಯ್ತು. ಹಂಬೋಲ್ಟ್‌ನಂಥ ದೊಡ್ಡ ವಿಜ್ಞಾನಿನೂ, ನೀನು ಮೀನು ನೋಡ್ಕೊಂಡಿರಪ್ಪ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದ್ರು.

(ಅಗಾಸಿ ಕೊನೆಗೆ ಎಷ್ಟು ಹುರುಪಿಗೆ ಬಿದ್ದ ಅಂದ್ರೆ ಅಮೆಜಾನ್ ಕಣಿವೆನೂ ಐಸ್ ಕೆಳಗಿತ್ತು ಅಂತ ಹೊರಟ. ಅದು ತಪ್ಪು. ಸರಿಯಾಗಿ ಶುರು ಮಾಡಿದವರೆಲ್ಲ ಸರಿಯಾಗೇ ಮುಗಿಸ್ತಾರೆ ಅಂತೇನಿಲ್ಲ.)

ಇಲ್ಲಿ ಡಾರ್ವಿನ್ ಕಥೆ ಹೇಳಲೇಬೇಕು. 1831ರಲ್ಲಿ ಅವನು ತನ್ನ ಗುರು ಸೆಡ್ಜ್‌ವಿಕ್ ಜೊತೆ ವೇಲ್ಸಿನ ಕುಮ್ ಇಡ್ವಲ್ ಅನ್ನೋ ಕಣಿವೆಯಲ್ಲಿ ಗಂಟೆಗಟ್ಟಲೆ ಪಳೆಯುಳಿಕೆ ಹುಡುಕ್ತಾ ಓಡಾಡಿದ. ಸುತ್ತ ಗೀರು ಬಿದ್ದ ಬಂಡೆ, ಹಿಮನದಿ ಬಿಟ್ಟು ಹೋದ ಕಲ್ಲುಮಣ್ಣಿನ ದಿಬ್ಬ, ದಾರಿ ತಪ್ಪಿದ ಕಲ್ಲು ಎಲ್ಲ ಇತ್ತು, ಇಬ್ಬರಿಗೂ ಏನೂ ಕಾಣಲಿಲ್ಲ. ಹಿಮಯುಗದ ವಿಚಾರ ಕೇಳಿದ ಮೇಲೆ 1842ರಲ್ಲಿ ಅದೇ ಜಾಗಕ್ಕೆ ವಾಪಸ್ ಹೋದ, ಈ ಸಲ ಎಲ್ಲ ಕಣ್ಣಿಗೆ ಹೊಡೆದ ಹಾಗೆ ಕಾಣ್ತು. ಬೆಂಕಿ ಬಿದ್ದು ಸುಟ್ಟ ಮನೆ ಕೂಡ ತನ್ನ ಕಥೆನ ಈ ಕಣಿವೆಯಷ್ಟು ಸ್ಪಷ್ಟವಾಗಿ ಹೇಳಲ್ಲ ಅನ್ನೋ ಅರ್ಥದಲ್ಲಿ ಬರೆದ. ಹನ್ನೊಂದು ವರ್ಷದಲ್ಲಿ ಕಣಿವೆ ಬದಲಾಗಿರಲಿಲ್ಲ.

ನೋಡೋಕೆ ಕಲಿತ ಮೇಲೆ ಎಲ್ಲ ಕಡೆ ಸಿಕ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಂಡೆಗಳ ಮೇಲೆ ಗೀರು. ಲಾಂಗ್ ಐಲೆಂಡ್‌ನ ದಿಬ್ಬಗಳು ಐಸ್ ಹಾಳೆ ಬಂದು ನಿಂತ ಕಡೆ ಸುರಿದು ಹೋದ ಕಸ. ಫಿನ್‌ಲೆಂಡ್ ಸ್ವೀಡನ್ ಮಧ್ಯದ ಬೋತ್ನಿಯಾ ಕೊಲ್ಲಿ ಕಡೆ ನೆಲ ಇವತ್ತಿಗೂ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಮೇಲೇಳ್ತಾ ಇದೆ, ಯಾಕಂದ್ರೆ ಕಿಲೋಮೀಟರ್‌ಗಟ್ಟಲೆ ದಪ್ಪದ ಐಸ್ ಕೂತು ನೆಲನ ಒತ್ತಿತ್ತು, ಭಾರ ಇಳಿದು 10 ಸಾವಿರ ವರ್ಷ ಆದ್ರೂ ನೆಲಕ್ಕೆ ಇನ್ನೂ ಪೂರ್ತಿ ನೆಟ್ಟಗಾಗೋಕೆ ಆಗಿಲ್ಲ. ಅಷ್ಟು ಐಸ್ ಆಗೋಕೆ ನೀರು ಎಲ್ಲಿಂದ ಬಂತು? ಸಮುದ್ರದಿಂದ. ಸುಮಾರು 21 ಸಾವಿರ ವರ್ಷದ ಹಿಂದೆ ಐಸ್ ಅತಿ ಹೆಚ್ಚಿದ್ದಾಗ ಸಮುದ್ರ ಈಗಿಂತ 120 ಮೀಟರ್‌ಗೂ ಕೆಳಗಿತ್ತು. ಫ್ರಾನ್ಸಿನ ಮಾರ್ಸೇ ಹತ್ತಿರ ಕಾಸ್ಕೆ ಅನ್ನೋ ಗುಹೆ ಇದೆ, ಅದರ ಬಾಗಿಲು ಈಗ ನೀರಿನ 37 ಮೀಟರ್ ಕೆಳಗೆ, ಒಳಗೆ ಹತ್ತಿ ಹೋದ್ರೆ ಒಣಗಿದ ಗೋಡೆ ಮೇಲೆ ಕುದುರೆ, ಸೀಲ್ ಚಿತ್ರಗಳು. ಬರೆದವರು ಈಜಿಕೊಂಡು ಹೋಗಿರಲಿಲ್ಲ, ನಡ್ಕೊಂಡು ಹೋಗಿದ್ರು.

ಆದ್ರೆ ಕಲ್ಲಿನ ಸಾಕ್ಷಿಗೆ ಒಂದು ದೊಡ್ಡ ಕುತ್ತು ಇದೆ, ಮುಂದಿನ ಹಿಮಯುಗ ಬಂದು ಹಿಂದಿನದರ ಗುರುತನ್ನ ಒರೆಸಿ ಹಾಕುತ್ತೆ, ಸ್ಲೇಟ್ ಒರೆಸಿದ ಹಾಗೆ. ಹಂಗಾಗಿ ಬಹಳ ಕಾಲ ಬರೀ ನಾಲ್ಕು ಹಿಮಯುಗ ಅಂತ ನಂಬಿಕೊಂಡಿದ್ರು. ಇನ್ನೊಂದು ಮೋಸನೂ ಇದೆ. 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು ಮತ್ತೆ ಥಿಯೋಬಾಲ್ಡ್ ಒಡಿಶಾದ ತಾಲ್ಚೇರ್‌ನಲ್ಲಿ ಕೆಸರಲ್ಲಿ ಹೂತ ಬಂಡೆಗಳ ಪದರ ನೋಡಿ ಇದು ಐಸ್ ಮಾಡಿದ ಕೆಲಸ ಅಂದ್ರು, ಆ ಪದರಕ್ಕೆ ಸುಮಾರು 30 ಕೋಟಿ ವರ್ಷ. ಆ ಬಿಸಿಲಿನ ನಾಡಲ್ಲಿ ಹಿಮನದಿನಾ? ಭೂಮಿ ಪೂರ್ತಿ ಹೆಪ್ಪುಗಟ್ಟಿತ್ತು ಅಂತ ಅರ್ಥ ಅಲ್ಲ, ಆ ನೆಲವೇ ಆಗ ದಕ್ಷಿಣ ಧ್ರುವದ ಕಡೆ ಇತ್ತು, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗೆ ಅಂಟಿಕೊಂಡು. ಜರ್ಮನಿಯ ವಿಜ್ಞಾನಿ ವೇಗ್ನರ್ ಖಂಡಗಳು ಚಲಿಸ್ತವೆ ಅಂತ ವಾದ ಮಾಡಿದಾಗ ಈ ಥರದ ಹಿಮದ ಗುರುತುಗಳನ್ನೂ ಸಾಕ್ಷಿಗೆ ಎಳೆದ.

ಅಳಿಸದ ದಾಖಲೆ ಸಿಕ್ಕಿದ್ದು ಸಮುದ್ರದ ತಳದಲ್ಲಿ. ಅಲ್ಲಿ ಕೆಸರು ಸದ್ದಿಲ್ಲದೆ ಪದರ ಪದರವಾಗಿ ಕೂರುತ್ತೆ, ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಅದರಲ್ಲಿ ಫೊರಾಮಿನಿಫೆರಾ ಅನ್ನೋ ಮರಳಿನ ಕಣದಷ್ಟು ಸಣ್ಣ ಜೀವಿಗಳ ಚಿಪ್ಪು ಇರುತ್ತೆ. ಚಿಪ್ಪಲ್ಲಿ ಆಕ್ಸಿಜನ್. ಆಕ್ಸಿಜನ್‌ನಲ್ಲಿ ಹೆಚ್ಚಿನದು 16 ತೂಕದ್ದು, ಸುಮಾರು 500ಕ್ಕೆ ಒಂದು ಮಾತ್ರ 18 ತೂಕದ್ದು. ಹಗುರ ಆಕ್ಸಿಜನ್ ಇರೋ ನೀರು ಸುಲಭವಾಗಿ ಆವಿಯಾಗುತ್ತೆ, ಸಾಮಾನ್ಯವಾಗಿ ಅದು ಮಳೆಯಾಗಿ ನದಿಯಾಗಿ ವಾಪಸ್ ಬರುತ್ತೆ, ಲೆಕ್ಕ ಸರಿಹೋಗುತ್ತೆ, ಆದ್ರೆ ಹಿಮಯುಗದಲ್ಲಿ ಅದು ಹಿಮವಾಗಿ ಬಿದ್ದು ಅಲ್ಲೇ ಉಳ್ಕೊಳ್ಳುತ್ತೆ, ಸಮುದ್ರದಲ್ಲಿ ಭಾರದ ಆಕ್ಸಿಜನ್ ಪಾಲು ಜಾಸ್ತಿ ಆಗುತ್ತೆ, ಆ ಕಾಲದ ಚಿಪ್ಪು ಅದನ್ನ ಬರೆದಿಟ್ಟುಕೊಳ್ಳುತ್ತೆ. ಅಂದ್ರೆ ಸಮುದ್ರದ ತಳದ ಒಂದು ಚಿಟಿಕೆ ಕೆಸರಿಂದ ಆಗ ನೆಲದ ಮೇಲೆ ಎಷ್ಟು ಐಸ್ ಇತ್ತು ಅಂತ ಅಂದಾಜು ಹಾಕಬಹುದು. ಎಮಿಲಿಯಾನಿ ಅನ್ನೋ ವಿಜ್ಞಾನಿ 1955ರಲ್ಲಿ ಇದನ್ನ ಶುರು ಮಾಡಿದಾಗ ಇದೆಲ್ಲ ನೀರಿನ ಬಿಸಿ ತೋರಿಸ್ತಿದೆ ಅಂದ್ಕೊಂಡಿದ್ರು, ಇಲ್ಲ ಇದರಲ್ಲಿ ದೊಡ್ಡ ಪಾಲು ಐಸ್ ಪ್ರಮಾಣದ್ದು ಅಂತ 1967ರಲ್ಲಿ ತಿದ್ದಿದ್ದು ನಿಕೋಲಸ್ ಶಾಕಲ್‌ಟನ್. ನಾಲ್ಕು ಹಿಮಯುಗದ ಲೆಕ್ಕ ಅಲ್ಲಿಗೆ ಮುಗೀತು, ಕಳೆದ ಸುಮಾರು 26 ಲಕ್ಷ ವರ್ಷದಲ್ಲಿ ಐಸ್ ಹತ್ತಾರು ಸಲ ಬೆಳೆದು ಕುಗ್ಗಿದೆ. ಸರಿಯಾಗಿ ಹೇಳಬೇಕಂದ್ರೆ ನಾವು ಈಗಲೂ ಆ ದೊಡ್ಡ ಹಿಮಯುಗದೊಳಗೇ ಇದೀವಿ, ಗ್ರೀನ್‌ಲ್ಯಾಂಡ್ ಅಂಟಾರ್ಕ್ಟಿಕಾ ಮೇಲೆ ಐಸ್ ಇದೆಯಲ್ಲ. ನಾವಿರೋದು ಮಧ್ಯದ ಒಂದು ಬೆಚ್ಚಗಿನ ಬಿಡುವು, ಸುಮಾರು 11,700 ವರ್ಷದಿಂದ.

ಸರಿ, ಇಷ್ಟು ಸಲ ಬಂದು ಹೋಗೋಕೆ ಕಾರಣ ಏನು? ಇಲ್ಲಿ ಇಬ್ಬರು ಬರ್ತಾರೆ, ಇಬ್ಬರ ಬದುಕೂ ಸಿನಿಮಾ ಥರ. ಜೇಮ್ಸ್ ಕ್ರೋಲ್ ಸ್ಕಾಟ್‌ಲೆಂಡಿನವನು, ಶಾಲೆ ಅರ್ಧಕ್ಕೆ ಬಿಟ್ಟವನು, ಗ್ಲಾಸ್ಗೋದ ಒಂದು ಕಾಲೇಜಲ್ಲಿ ಜವಾನನ ಕೆಲಸ ಹಿಡಿದು ಅಲ್ಲಿನ ಲೈಬ್ರರಿಯಲ್ಲಿ ಕೂತು ಓದಿ 1864ರಲ್ಲಿ ಭೂಮಿ ಕಕ್ಷೆ ಬದಲಾಗೋದೇ ಹಿಮಯುಗಕ್ಕೆ ಮೂಲ ಅಂತ ಬರೆದ. ಮುಖ್ಯವಾಗಿ ತಪ್ಪಿದ್ದು ಒಂದು ಕಡೆ, ಚಳಿಗಾಲ ಎಷ್ಟು ಚಳಿ ಅನ್ನೋದು ಮುಖ್ಯ ಅಂದ್ಕೊಂಡ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಅದನ್ನ ಸರಿ ಮಾಡಿದ. 1914ರಲ್ಲಿ ಮದುವೆಯಾಗಿ ಹೆಂಡತಿ ಜೊತೆ ಹೋಗಿದ್ದಾಗ ಯುದ್ಧ ಶುರುವಾಗಿ ಆಸ್ಟ್ರಿಯಾ ಹಂಗೇರಿಯವರು ಹಿಡಿದು ಹಾಕಿದ್ರು, ಆಮೇಲೆ ಬುಡಾಪೆಸ್ಟ್ ಬಿಟ್ಟು ಹೋಗಬಾರದು ಅನ್ನೋ ಷರತ್ತಿನ ಮೇಲೆ ಬಿಟ್ರು, ಆ ನಾಲ್ಕು ವರ್ಷ ಅಲ್ಲಿನ ಅಕಾಡೆಮಿ ಲೈಬ್ರರಿಯಲ್ಲಿ ಕೈಯಲ್ಲೇ ಲೆಕ್ಕ ಹಾಕ್ತಾ ಕೂತ. ಬೇಸಿಗೆ ಮುಖ್ಯ ಅಂತ ಹವಾಮಾನ ತಜ್ಞ ಕೊಪೆನ್ ಸುಳಿವು ಕೊಟ್ರು. ಯೋಚನೆ ಮಾಡಿದ್ರೆ ಸರಿನೇ, ಉತ್ತರದ ಕಡೆ ಚಳಿಗಾಲದಲ್ಲಿ ಹಿಮ ಹೇಗಿದ್ರೂ ಬೀಳುತ್ತೆ, ಅದು ಬೇಸಿಗೆಯಲ್ಲಿ ಕರಗದೇ ಉಳಿದ್ರೆ ತಾನೇ ಮುಂದಿನ ವರ್ಷದ್ದು ಅದರ ಮೇಲೆ ಕೂರೋದು.

ಲೆಕ್ಕ ಇಷ್ಟೇ. ಭೂಮಿಯ ವಾಲು 22.1ರಿಂದ 24.5 ಡಿಗ್ರಿ ಮಧ್ಯೆ ಸುಮಾರು 41 ಸಾವಿರ ವರ್ಷಕ್ಕೊಮ್ಮೆ ಹೋಗಿ ಬರುತ್ತೆ. ಬುಗುರಿ ಸುತ್ತುವಾಗ ತಲೆ ಆಡಿಸುತ್ತಲ್ಲ ಆ ಥರ ಅಕ್ಷನೂ ತಿರುಗುತ್ತೆ, ಅದರಿಂದ ಬೇಸಿಗೆ ಬರೋ ಹೊತ್ತಿಗೆ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತಾ ದೂರ ಇರುತ್ತಾ ಅನ್ನೋದು 19ರಿಂದ 23 ಸಾವಿರ ವರ್ಷಕ್ಕೊಮ್ಮೆ ಬದಲಾಗುತ್ತೆ. ಕಕ್ಷೆ ಒಂದಿಷ್ಟು ಉದ್ದ ಆಗೋದು, ಮತ್ತೆ ದುಂಡಗಾಗೋದು ಸುಮಾರು 1 ಲಕ್ಷ ವರ್ಷದ್ದು. ಮೂರೂ ಕೂಡಿದ್ರೆ ಉತ್ತರದ 65 ಡಿಗ್ರಿ ಅಕ್ಷಾಂಶದ ಬೇಸಿಗೆ ಬಿಸಿಲು ಚದರ ಮೀಟರಿಗೆ ಸುಮಾರು 100 ವ್ಯಾಟ್‌ವರೆಗೂ ಏರುಪೇರಾಗುತ್ತೆ. ಮಿಲಾಂಕೊವಿಚ್ ತೀರಿಕೊಂಡಿದ್ದು 1958ರಲ್ಲಿ, ಆಗ ಇದನ್ನ ನಂಬೋರು ಕಡಿಮೆ ಇದ್ರು. 1976ರಲ್ಲಿ ಹೇಸ್, ಇಂಬ್ರಿ, ಶಾಕಲ್‌ಟನ್ ಮೂವರೂ ಹಿಂದೂ ಮಹಾಸಾಗರದ ದಕ್ಷಿಣದ ಎರಡು ಕೆಸರಿನ ಕೋರ್ (ಕೊಳವೆ ಇಳಿಸಿ ಕೊರೆದು ತೆಗೆದ ಉದ್ದನೆ ಕಂಬ) ಇಟ್ಕೊಂಡು ಅದರಲ್ಲಿರೋ ತಾಳ ಏನು ಅಂತ ಲೆಕ್ಕ ಹಾಕಿದ್ರು. ಬಂದಿದ್ದು ಹೆಚ್ಚುಕಡಿಮೆ ಅವೇ ಸಂಖ್ಯೆಗಳು. ಆಕಾಶ ನೋಡಿ ಹಾಕಿದ ಲೆಕ್ಕ ಸಮುದ್ರದ ಕೆಸರಲ್ಲಿ ಬಂದು ಕೂತಿತ್ತು.

ನೋಡಿದ್ರಾ, ಸೂರ್ಯ, ಕಕ್ಷೆ, ಎಲ್ಲ ನೈಸರ್ಗಿಕ, ನಾವು ಹೇಳಿದ್ದು ಅದೇ ಅಲ್ವಾ ಅಂತ ಈಗ ಆ ಕಾರಿನವರು ಹೇಳ್ತಾರೆ. ಸ್ವಲ್ಪ ತಡೀರಿ, ಗಂಟು ಇರೋದು ಇಲ್ಲೇ.

ಈ ಕಕ್ಷೆ ಆಟದಿಂದ ಇಡೀ ಭೂಮಿಗೆ ಇಡೀ ವರ್ಷ ಸಿಗೋ ಬಿಸಿಲು ಹೆಚ್ಚುಕಡಿಮೆ ಬದಲಾಗೋದೇ ಇಲ್ಲ, ಯಾವ ಕಡೆಗೆ ಯಾವ ಕಾಲದಲ್ಲಿ ಎಷ್ಟು ಅನ್ನೋ ಹಂಚಿಕೆ ಬದಲಾಗುತ್ತೆ ಅಷ್ಟೇ. ಆದ್ರೂ ಹಿಮಯುಗ ಜೋರಾಗಿದ್ದಾಗ ಇಡೀ ಭೂಮಿಯ ಸರಾಸರಿ ಉಷ್ಣತೆ 5ರಿಂದ 7 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಇನ್ನೂ ವಿಚಿತ್ರ ಅಂದ್ರೆ ಆ ಬುಗುರಿ ಆಟದಲ್ಲಿ ಉತ್ತರದ ಬೇಸಿಗೆ ದುರ್ಬಲ ಆದಾಗ ದಕ್ಷಿಣದ ಬೇಸಿಗೆ ಜೋರಾಗುತ್ತೆ, ಅಂದ್ರೆ ಉತ್ತರದಲ್ಲಿ ಐಸ್ ಬೆಳೆಯೋ ಹೊತ್ತಿಗೆ ದಕ್ಷಿಣದಲ್ಲಿ ಕರಗಬೇಕಿತ್ತು. ಹಾಗಾಗಲಿಲ್ಲ. ಕೊನೆಯ ಹಿಮಯುಗದಲ್ಲಿ ನ್ಯೂಜಿಲೆಂಡ್, ಪಟಗೋನಿಯಾ ಹಿಮನದಿಗಳೂ ಬೆಳೆದಿದ್ವು, ಉತ್ತರದ ಐಸ್ ಸೋತಾಗ ಅವೂ ಸೋತವು. ಉತ್ತರದ ಚಳಿನ ಭೂಮಧ್ಯರೇಖೆ ದಾಟಿಸಿ ಆ ತುದಿಗೆ ತಲುಪಿಸಿದ್ದು ಏನು?

ಅದು ಸಿಕ್ಕಿದ್ದು ಐಸ್‌ನೊಳಗಿನ ಗುಳ್ಳೆಯಲ್ಲಿ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ 1952ರಲ್ಲಿ ತನ್ನ ತೋಟದಲ್ಲಿ ಬಿಯರ್ ಬಾಟಲಿಗೆ ಆಲಿಕೆ ಸಿಕ್ಕಿಸಿ ಮಳೆ ನೀರು ಹಿಡಿದು ಅದರ ಆಕ್ಸಿಜನ್ ಅಳೆಯೋಕೆ ಶುರು ಮಾಡಿದ, ಮೋಡ ತಣ್ಣಗಿದ್ದಷ್ಟೂ ಭಾರದ ಆಕ್ಸಿಜನ್ ಕಡಿಮೆ. ಅಂದ್ರೆ ಹಳೇ ಐಸ್ ತನ್ನೊಳಗೆ ತಾನೇ ಥರ್ಮಾಮೀಟರ್. ಗ್ರೀನ್‌ಲ್ಯಾಂಡ್‌ನ ಐಸ್‌ನೊಳಗೆ ಅಮೆರಿಕ ಸೇನೆ ಕ್ಯಾಂಪ್ ಸೆಂಚುರಿ ಅಂತ ನೆಲೆ ಕೊರೆದಿತ್ತು, 1966ರಲ್ಲಿ ಅಲ್ಲಿ ಐಸ್ ತಳದ ತನಕ ಡ್ರಿಲ್ ಮಾಡಿದ್ರು, ಆ ಕೋರನ್ನ ಓದಿದ್ದು ಡಾನ್ಸ್‌ಗಾರ್ಡ್. ಫ್ರಾನ್ಸಿನ ಕ್ಲೋಡ್ ಲೋರಿಯಸ್ ಅಂಟಾರ್ಕ್ಟಿಕಾದಲ್ಲಿ ಹಳೇ ಐಸ್ ಚೂರನ್ನ ವಿಸ್ಕಿಗೆ ಹಾಕ್ಕೊಂಡು ಕೂತಿದ್ದಾಗ ಗುಳ್ಳೆ ಟಪ್ ಟಪ್ ಅಂತ ಒಡೆಯೋದು ನೋಡಿ, ಅರೆ, ಇದು ಆ ಕಾಲದ ಗಾಳಿ ಅಲ್ವಾ ಅಂತ ಹೊಳೀತಂತೆ. ವಿಸ್ಕಿಯಿಂದ ವಿಜ್ಞಾನಕ್ಕಾದ ದೊಡ್ಡ ಉಪಕಾರ ಬಹುಶಃ ಇದೇ ಇರಬೇಕು.

ಅದು ಅಂದಾಜಲ್ಲ, ಲೆಕ್ಕದಿಂದ ಊಹಿಸಿದ್ದೂ ಅಲ್ಲ, ಆ ಕಾಲದ ಗಾಳಿನೇ, ಸೀಲ್ ಆಗಿ ಕೂತಿದ್ದು. ಅಂಟಾರ್ಕ್ಟಿಕಾದಲ್ಲಿ ರಷ್ಯನ್ನರ ವೋಸ್ಟೋಕ್ ನೆಲೆಯಲ್ಲಿ (ಮೈನಸ್ 89.2 ಡಿಗ್ರಿ ದಾಖಲಾದ ಜಾಗ, ಅಲ್ಲಿ ಕೂತು ಡ್ರಿಲ್ ಮಾಡಿದವರಿಗೆ ಕೈ ಮುಗೀಬೇಕು) 3,600 ಮೀಟರ್ ಆಳಕ್ಕೆ ಹೋದ್ರು, 1999ರಲ್ಲಿ 4.2 ಲಕ್ಷ ವರ್ಷದ ದಾಖಲೆ ಹೊರಗೆ ಬಂತು. ಆಮೇಲೆ ಯುರೋಪಿನವರ ಎಪಿಕಾ ತಂಡ ಅಂಟಾರ್ಕ್ಟಿಕಾದ್ದೇ ಡೋಮ್ ಸಿ ಅನ್ನೋ ಕಡೆ 8 ಲಕ್ಷ ವರ್ಷದ ತನಕ ತಲುಪಿತು. ಎರಡರಲ್ಲೂ ಒಂದೇ ಚಿತ್ರ, ಚಳಿ ಇದ್ದಾಗ ಕಾರ್ಬನ್ ಡೈಆಕ್ಸೈಡ್ (ಸಿಒಟು) ಸುಮಾರು 180 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಕಣದಲ್ಲಿ 180, ಬೆಚ್ಚಗಿದ್ದಾಗ ಸುಮಾರು 280, ಉಷ್ಣತೆ ಮತ್ತೆ ಸಿಒಟು ಕೈ ಕೈ ಹಿಡಿದು ಹತ್ತಿ ಇಳಿದಿವೆ. 8 ಲಕ್ಷ ವರ್ಷದಲ್ಲಿ ಒಂದು ಸಲನೂ 300ರ ಆಸುಪಾಸು ದಾಟಿ ಮೇಲೆ ಹೋಗಿಲ್ಲ. ಈಗ 420 ದಾಟಿದೆ.

ಅಲ್ಲಿಗೆ ಗಂಟು ಬಿಚ್ಚಿತು. ಕಕ್ಷೆ ಬರೀ ಕಿಡಿ ಹಚ್ಚುತ್ತೆ. ಉತ್ತರದ ಬೇಸಿಗೆ ತಣ್ಣಗಾದ್ರೆ ಹಿಮ ಉಳಿಯುತ್ತೆ, ಬಿಳಿ ನೆಲ ಬಿಸಿಲನ್ನ ವಾಪಸ್ ಕಳಿಸುತ್ತೆ, ಇನ್ನಷ್ಟು ತಣ್ಣಗಾಗುತ್ತೆ, ತಣ್ಣಗಾದ ಸಮುದ್ರ ಹೆಚ್ಚು ಸಿಒಟು ನುಂಗಿ ಆಳದಲ್ಲಿ ಇಟ್ಕೊಳ್ಳುತ್ತೆ, ಬಿಸಿ ಹಿಡಿದಿಡೋ ಆ ಗ್ಯಾಸು ಗಾಳಿಯಲ್ಲಿ ಕಡಿಮೆ ಆಗುತ್ತೆ, ಗಾಳಿಗೆ ಉತ್ತರ ದಕ್ಷಿಣ ಅಂತ ಭೇದ ಇಲ್ಲವಲ್ಲ, ಹಂಗಾಗಿ ಚಳಿ ಇಡೀ ಭೂಮಿಗೆ ಹರಡುತ್ತೆ. ಬಿಸಿಯಾಗುವಾಗ ಇದೇ ಚಕ್ರ ಉಲ್ಟಾ. ಅಂದ್ರೆ ಹಿಮಯುಗದಲ್ಲಿ ಕಾರು ಓಡ್ತಿರಲಿಲ್ಲ ನಿಜ, ಆದ್ರೆ ಕಾರಿನ ಹಿಂದಿನ ಕೊಳವೆಯಿಂದ ಬರೋ ಅದೇ ಗ್ಯಾಸು ಆಗಲೂ ಅದೇ ಕೆಲಸ ಮಾಡ್ತಿತ್ತು. ಹಿಮಯುಗವನ್ನ ವಾದಕ್ಕೆ ಎಳೆದು ತರೋದು ತಮ್ಮ ವಿರುದ್ಧದ ಸಾಕ್ಷಿನ ತಾವೇ ಕೋರ್ಟಿಗೆ ಕರ್ಕೊಂಡು ಬಂದ ಹಾಗೆ.

ಸ್ವಲ್ಪ ಓದ್ಕೊಂಡಿರೋರು ಇಲ್ಲಿ ಇನ್ನೊಂದು ಬಾಣ ಬಿಡ್ತಾರೆ, ಅಂಟಾರ್ಕ್ಟಿಕಾ ಐಸ್ ನೋಡಿದ್ರೆ ಮೊದಲು ಬಿಸಿ ಏರಿದೆ, ನೂರಾರು ವರ್ಷ ಆದ ಮೇಲೆ ಸಿಒಟು ಏರಿದೆ, ಹಂಗಾದ್ರೆ ಸಿಒಟು ಕಾರಣ ಹೇಗಾಗುತ್ತೆ ಅಂತ. ಇದಕ್ಕೆ ಉತ್ತರ ಎರಡು ಭಾಗ. ಹಿಮ ಬಿದ್ದ ತಕ್ಷಣ ಗಾಳಿ ಸೀಲ್ ಆಗಲ್ಲ, ಮೇಲಿನ 50ರಿಂದ 100 ಮೀಟರ್ ತನಕ ಹಿಮ ಸ್ಪಂಜಿನ ಥರ ಇರುತ್ತೆ, ಗಾಳಿ ಓಡಾಡ್ತಾ ಇರುತ್ತೆ, ಅದಕ್ಕೆ ಗುಳ್ಳೆಯ ಗಾಳಿಗಿಂತ ಸುತ್ತಲಿನ ಐಸ್ ಹಳೇದು, ವೋಸ್ಟೋಕ್‌ನಂಥ ಹಿಮ ಕಡಿಮೆ ಬೀಳೋ ಕಡೆ ಈ ವ್ಯತ್ಯಾಸ ಸಾವಿರಾರು ವರ್ಷ. ಮೊದಲಿನ ಲೆಕ್ಕಗಳಲ್ಲಿ ಕಂಡ ಅಂತರದಲ್ಲಿ ಒಂದಷ್ಟು ಈ ಗೊಂದಲದ್ದೇ, 2013ರಲ್ಲಿ ಹೊಸ ರೀತಿಯಲ್ಲಿ ಲೆಕ್ಕ ಹಾಕಿದಾಗ ಕೊನೆಯ ಹಿಮಯುಗ ಮುಗಿಯುವಾಗ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಏರಿದ್ದು ಕಂಡಿತು. ಎರಡನೇದು, ಅಂಟಾರ್ಕ್ಟಿಕಾ ಅಂದ್ರೆ ಇಡೀ ಭೂಮಿ ಅಲ್ಲ. 2012ರಲ್ಲಿ ಶಾಕುನ್ ಮತ್ತವರ ತಂಡ ಬೇರೆ ಬೇರೆ ಕಡೆಯ 80 ದಾಖಲೆ ಸೇರಿಸಿ ನೋಡಿದಾಗ ಭೂಮಿಯ ಸರಾಸರಿ ಉಷ್ಣತೆ ಸಿಒಟು ಹಿಂದೆಯೇ ಬಂದಿದ್ದು ಕಾಣ್ತು. ಮತ್ತೆ ಕಕ್ಷೆ ಕಿಡಿ ಹಚ್ಚಿ ಸಿಒಟು ಉರಿ ಹೆಚ್ಚಿಸುತ್ತೆ ಅಂದ ಮೇಲೆ ಒಂದಿಷ್ಟು ಹಿಂದೆ ಮುಂದೆ ಇರೋದು ವಾದಕ್ಕೆ ಪೆಟ್ಟಲ್ಲ. ಕೋಳಿ ಮೊಟ್ಟೆಯಿಂದ ಬರುತ್ತೆ ಅಂದ ಮಾತ್ರಕ್ಕೆ ಕೋಳಿ ಮೊಟ್ಟೆ ಇಡಲ್ಲ ಅಂತ ಅಲ್ಲವಲ್ಲ.

ಇದೆಲ್ಲ ಒಂದೇ ಐಸ್ ಮೇಲೆ ನಿಂತಿದೆಯಾ ಅಂತ ಯಾರಾದ್ರೂ ಕೇಳಿದ್ರೆ ಅದೂ ನ್ಯಾಯವೇ. 1990ರ ದಶಕದ ಶುರುವಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ ಯುರೋಪಿನವರು ಒಂದು, ಅಮೆರಿಕದವರು ಒಂದು, ಸುಮಾರು 30 ಕಿಲೋಮೀಟರ್ ಅಂತರದಲ್ಲಿ ಎರಡು ಕೋರ್ ತೆಗೆದ್ರು, ಎರಡೂ 3 ಕಿಲೋಮೀಟರ್ ಮೇಲೆ ಉದ್ದ. ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡಿದು ಹಾಕಲಿ ಅಂತಲೇ. ಮೇಲಿನ ಶೇಕಡ 90 ಭಾಗ ಅಚ್ಚು ಹೊಡೆದ ಹಾಗೆ ಹೊಂದಿಕೆ ಆಯ್ತು, ತಳದ ಭಾಗದಲ್ಲಿ ಐಸ್ ಮಡಚಿಕೊಂಡು ಕಲಸಿ ಹೋಗಿತ್ತು, ಆ ಭಾಗ ನಂಬಂಗಿಲ್ಲ ಅಂತ ಅವರೇ ಒಪ್ಕೊಂಡ್ರು. ಚೀನಾದ ಹುಲು ಗುಹೆಯಲ್ಲಿ ಹನಿ ಹನಿಯಾಗಿ ಬೆಳೆದ ಸುಣ್ಣದ ಕಂಬಗಳಲ್ಲೂ ಗ್ರೀನ್‌ಲ್ಯಾಂಡ್‌ನ ಅದೇ ಏರಿಳಿತ ಸಿಕ್ತು, ಅದರ ವಯಸ್ಸು ಲೆಕ್ಕ ಹಾಕೋದು ಯುರೇನಿಯಂ ಇಟ್ಕೊಂಡು, ಐಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬಾರ್ಬಡೋಸ್ ಹವಳ, ಕೆರೆಗಳ ತಳದ ಪರಾಗ, ಮರದ ಉಂಗುರ, ಎಲ್ಲ ಬೇರೆ ಬೇರೆ ಗಡಿಯಾರ.

ಗ್ರೀನ್‌ಲ್ಯಾಂಡ್ ಕೋರ್‌ಗಳು ಇನ್ನೊಂದು ಹೇಳಿದ್ವು, ಅದು ನಂಗೆ ನಿದ್ದೆ ಕೆಡಿಸೋ ವಿಷಯ. ಹವಾಮಾನ ಯಾವಾಗಲೂ ನಿಧಾನಕ್ಕೆ ಬದಲಾಗಲ್ಲ. ಕೊನೆಯ ಹಿಮಯುಗದೊಳಗೆ ಗ್ರೀನ್‌ಲ್ಯಾಂಡ್‌ನಲ್ಲಿ ಸುಮಾರು 25 ಸಲ ಕೆಲವೇ ದಶಕಗಳಲ್ಲಿ 8ರಿಂದ 16 ಡಿಗ್ರಿ ತನಕ ಬಿಸಿ ಏರಿದೆ. ಐಸ್ ಕರಗೋಕೆ ಶುರುವಾಗಿ ಎಲ್ಲ ಬೆಚ್ಚಗಾಗ್ತಿದೆ ಅನ್ನೋ ಹೊತ್ತಿಗೆ, ಸುಮಾರು 12,900 ವರ್ಷದ ಹಿಂದೆ ಉತ್ತರ ಅಟ್ಲಾಂಟಿಕ್ ಸುತ್ತ ದಿಢೀರ್ ಅಂತ ಚಳಿ ವಾಪಸ್ ಬಂದು ಹನ್ನೆರಡು ನೂರು ವರ್ಷ ಕೂತ್ಕೊಳ್ತು. ಅದಕ್ಕೆ ಯಂಗರ್ ಡ್ರಯಾಸ್ ಅಂತ ಹೆಸರು, ಡ್ರಯಾಸ್ ಅನ್ನೋದು ಚಳಿ ನಾಡಿನ ಒಂದು ಬಿಳಿ ಹೂವು, ಸ್ಕ್ಯಾಂಡಿನೇವಿಯಾದ ಕೆರೆಗಳ ಜೇಡಿಯಲ್ಲಿ ಅದರ ಎಲೆ ಮತ್ತೆ ಕಾಣಿಸ್ಕೊಂಡಿದ್ದೇ ಮೊದಲ ಸುಳಿವು. ಹೆಚ್ಚಿನವರು ಒಪ್ಪೋ ವಿವರಣೆ ಏನಂದ್ರೆ ಕರಗಿದ ಐಸ್‌ನ ಸಿಹಿನೀರು ಅಟ್ಲಾಂಟಿಕ್‌ಗೆ ನುಗ್ಗಿ, ಉಪ್ಪು ನೀರು ಮುಳುಗಿ ತಿರುಗೋ ಸಮುದ್ರದೊಳಗಿನ ದೊಡ್ಡ ಪ್ರವಾಹ ನಿಧಾನ ಆಯ್ತು, ಉತ್ತರಕ್ಕೆ ಬಿಸಿ ಹೋಗೋದು ಕಡಿಮೆ ಆಯ್ತು. ಈಗ ಗ್ರೀನ್‌ಲ್ಯಾಂಡ್ ಐಸ್ ಕರಗ್ತಿರೋ ಹೊತ್ತಲ್ಲಿ ಆ ಪ್ರವಾಹದ ಮೇಲೆ ಕಣ್ಣಿಟ್ಟು ಕೂತಿರೋದು ಸುಮ್ಮನೆ ಅಲ್ಲ. ಅದೇ ಥರ ಸಮುದ್ರನೂ, ಸುಮಾರು 14,600 ವರ್ಷದ ಹಿಂದೆ 500 ವರ್ಷದೊಳಗೆ ಹತ್ತಾರು ಮೀಟರ್ ಏರಿತ್ತು. ಹಿಂದೆ ಬದಲಾಗಿತ್ತು ಅನ್ನೋದು ಸಮಾಧಾನದ ಮಾತು ಅಂತ ಹೇಳೋರು ಈ ಪುಟ ಓದಿರಲ್ಲ.

ಈಗಿನ ವಿಷಯಕ್ಕೆ ಬರೋಣ. ಈ ಸಲವೂ ಕಕ್ಷೆಯೇ ಕಾರಣ ಇರಬಹುದಲ್ವಾ? ಇಲ್ಲ, ಕಕ್ಷೆ ಈಗ ಉಲ್ಟಾ ದಿಕ್ಕಿನಲ್ಲಿದೆ. ಉತ್ತರದ ಬೇಸಿಗೆ ಬಿಸಿಲು ಸುಮಾರು 11 ಸಾವಿರ ವರ್ಷದ ಹಿಂದೆ ಉತ್ತುಂಗಕ್ಕೆ ಹೋಗಿ ಅಲ್ಲಿಂದ ಇಳೀತಾ ಇದೆ, ಆ ಲೆಕ್ಕದಲ್ಲಿ ಭೂಮಿ ಬಹಳ ನಿಧಾನಕ್ಕೆ ತಣ್ಣಗಾಗಬೇಕಿತ್ತು. ಸೂರ್ಯನಾ? 1980ರ ದಶಕದಿಂದ ಸೂರ್ಯನ ಶಕ್ತಿ ಏರಿಲ್ಲ, ಮೇಲಾಗಿ ಸೂರ್ಯ ಕಾರಣ ಆಗಿದ್ರೆ ವಾತಾವರಣದ ಮೇಲಿನ ಪದರನೂ ಬಿಸಿಯಾಗಬೇಕಿತ್ತು, ಆದ್ರೆ ಕೆಳಗೆ ಬಿಸಿ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗ್ತಿದೆ. ಜ್ವಾಲಾಮುಖಿಗಳಾ? ಅವೆಲ್ಲ ಸೇರಿ ವರ್ಷಕ್ಕೆ ಬಿಡೋ ಸಿಒಟು ಮನುಷ್ಯರದ್ದರ ಶೇಕಡ 1ಕ್ಕಿಂತ ಕಡಿಮೆ.

ಗಾಳಿಗೆ ಹೊಸದಾಗಿ ಸೇರಿದ ಸಿಒಟು ನಮ್ಮದೇ ಅಂತ ಹೇಗೆ ಹೇಳ್ತೀರಿ ಅಂದ್ರೆ, ಅದಕ್ಕೂ ಬೆರಳಚ್ಚು ಇದೆ. ಕಲ್ಲಿದ್ದಲು ಪೆಟ್ರೋಲ್ ಎಷ್ಟು ಹಳೇದು ಅಂದ್ರೆ ಅದರಲ್ಲಿ ಕಾರ್ಬನ್-14 (ಕಾಲ ಕಳೆದಂತೆ ತಾನಾಗೇ ಕಡಿಮೆಯಾಗೋ ಕಾರ್ಬನ್) ಒಂದು ಚೂರೂ ಉಳಿದಿಲ್ಲ, ಅದು ಗಾಳಿಗೆ ಸೇರಿದಷ್ಟೂ ಗಾಳಿಯ ಕಾರ್ಬನ್-14 ಪಾಲು ತೆಳುವಾಗುತ್ತೆ, ಹಾನ್ಸ್ ಸೂಸ್ ಇದನ್ನ ಮರದ ಉಂಗುರದಲ್ಲಿ 1950ರ ದಶಕದಲ್ಲೇ ಹಿಡಿದ್ರು. ಗಿಡದಿಂದ ಬಂದ ಇಂಧನದಲ್ಲಿ ಕಾರ್ಬನ್-13 ಅನ್ನೋ ಸ್ವಲ್ಪ ಭಾರದ ಕಾರ್ಬನ್ ಕೂಡ ಕಡಿಮೆ, ಗಾಳಿಯಲ್ಲಿ ಅದರ ಪಾಲೂ ಇಳೀತಿದೆ. ಉರಿಯೋಕೆ ಆಕ್ಸಿಜನ್ ಬೇಕಲ್ಲ, ಅದೂ ಅಳೆಯೋಷ್ಟು ಕಡಿಮೆ ಆಗ್ತಿದೆ.

ಇನ್ನು ವೇಗ. ಹಿಮಯುಗ ಮುಗಿದು ಬೆಚ್ಚಗಾಗೋಕೆ ಸುಮಾರು 10 ಸಾವಿರ ವರ್ಷ ಹಿಡೀತು, ಅಂದ್ರೆ ಭೂಮಿಯ ಸರಾಸರಿ ಸಾವಿರ ವರ್ಷಕ್ಕೆ ಅರ್ಧ ಡಿಗ್ರಿ ಚಿಲ್ಲರೆ. ಈಗ ಹತ್ತು ವರ್ಷಕ್ಕೆ ಸುಮಾರು 0.2 ಡಿಗ್ರಿ. ಆ ಕಾಲದಲ್ಲಿ ಸಿಒಟು ಅತಿ ಜೋರಾಗಿ ಜಿಗಿದಿದ್ದು ಅಂದ್ರೆ ಒಂದೆರಡು ಶತಮಾನದಲ್ಲಿ 10 ಪಿಪಿಎಂ ಚಿಲ್ಲರೆ, ಈಗ ಅಷ್ಟು ಏರೋಕೆ 4-5 ವರ್ಷ ಸಾಕು. ನದಿಯಲ್ಲಿ ಯಾವಾಗ್ಲೂ ನೀರು ಏರಿಳೀತಾ ಇತ್ತು ಅಂತ ಹೇಳ್ಕೊಂಡು ಅಣೆಕಟ್ಟು ಒಡೆದಿದ್ದನ್ನ ನೋಡದೇ ಇರೋಕಾಗುತ್ತಾ?

ಕೊನೆಯ ಬೆಚ್ಚಗಿನ ಬಿಡುವು ಹೇಗಿತ್ತು ಅನ್ನೋದನ್ನೂ ನೋಡಬೇಕು, ಸುಮಾರು 1.25 ಲಕ್ಷ ವರ್ಷದ ಹಿಂದೆ. ಲಂಡನ್ನಿನ ಟ್ರಫಾಲ್ಗರ್ ಚೌಕದ ಕೆಳಗೆ ಆ ಕಾಲದ ನೀರುಕುದುರೆ ಮೂಳೆ ಸಿಕ್ಕಿವೆ. ಕೈಗಾರಿಕೆ ಶುರುವಾಗೋ ಮುಂಚಿನ ಕಾಲಕ್ಕೆ ಹೋಲಿಸಿದ್ರೆ ಆಗ ಇಡೀ ಭೂಮಿ ಒಂದು ಡಿಗ್ರಿ ಆಸುಪಾಸು ಹೆಚ್ಚು ಬಿಸಿ ಇತ್ತು ಅಷ್ಟೇ, ಸಮುದ್ರ ಮಾತ್ರ 5ರಿಂದ 10 ಮೀಟರ್ ಮೇಲಿತ್ತು. ಆ ಬಿಸಿ ಬಂದಿದ್ದು ಕಕ್ಷೆಯಿಂದ, ಸಾವಿರಾರು ವರ್ಷ ಇತ್ತು, ಹಂಗಾಗಿ ನೇರ ಹೋಲಿಕೆ ಮಾಡೋಕೆ ಬರಲ್ಲ, ಆದ್ರೆ ಅಷ್ಟು ಬಿಸಿಗೆ ನಾವು ಆಗಲೇ ತಲುಪಿ ಆಗಿದೆ, ಐಸ್ ನಿಧಾನಕ್ಕೆ ಲೆಕ್ಕ ಚುಕ್ತಾ ಮಾಡುತ್ತೆ.

1970ರ ದಶಕದಲ್ಲಿ ಇದೇ ವಿಜ್ಞಾನಿಗಳು ಹಿಮಯುಗ ಬರ್ತಿದೆ ಅಂತ ಹೆದರಿಸಿದ್ರಲ್ಲ ಅಂತ ಒಂದು ಮಾತೂ ಓಡಾಡುತ್ತೆ. ಪತ್ರಿಕೆಗಳಲ್ಲಿ ಹಾಗೆ ಬಂದಿದ್ದು ನಿಜ. ಆದ್ರೆ 1965ರಿಂದ 1979ರ ತನಕದ ವಿಜ್ಞಾನ ಪ್ರಬಂಧಗಳನ್ನ 2008ರಲ್ಲಿ ಕೂತು ಎಣಿಸಿದ್ರು, ತಣ್ಣಗಾಗುತ್ತೆ ಅಂದಿದ್ದು 7, ಬಿಸಿಯಾಗುತ್ತೆ ಅಂದಿದ್ದು 44. ಏಳರದ್ದೇ ಸದ್ದು ಜಾಸ್ತಿ ಆಯ್ತು.

ಸರಿ ಬಿಡಿ, ಮುಂದಿನ ಹಿಮಯುಗ ಬಂದು ಎಲ್ಲ ತಣ್ಣಗೆ ಮಾಡುತ್ತಲ್ಲ ಅನ್ನೋರಿಗೂ ಲೆಕ್ಕ ಇದೆ. ಕಕ್ಷೆ ಈಗ ಹೆಚ್ಚುಕಡಿಮೆ ದುಂಡಗಿನ ಕಡೆಗೆ ಹೋಗ್ತಿರೋದರಿಂದ ನಾವು ಒಂದು ಗ್ರಾಮ್ ಕಲ್ಲಿದ್ದಲು ಸುಡದಿದ್ರೂ ಈ ಬೆಚ್ಚಗಿನ ಬಿಡುವು ಇನ್ನು 50 ಸಾವಿರ ವರ್ಷದಷ್ಟು ಎಳೆಯೋ ಸಾಧ್ಯತೆ ಇತ್ತು. 2016ರಲ್ಲಿ ಗನೋಪೋಲ್ಸ್ಕಿ ಮತ್ತವರ ತಂಡ ಹಾಕಿದ ಲೆಕ್ಕದ ಪ್ರಕಾರ ನಾವು ಬಿಡೋ ಸಿಒಟು ಮಧ್ಯಮ ಪ್ರಮಾಣದಲ್ಲಿದ್ರೂ ಅದು 1 ಲಕ್ಷ ವರ್ಷಕ್ಕೆ ಹೋಗುತ್ತೆ. ಈ ಮಧ್ಯೆ 2025ರ ಜನವರಿಯಲ್ಲಿ ಅಂಟಾರ್ಕ್ಟಿಕಾದಲ್ಲಿ ಯುರೋಪಿನ ತಂಡ 2,800 ಮೀಟರ್ ಕೊರೆದು ಕನಿಷ್ಠ 12 ಲಕ್ಷ ವರ್ಷ ಹಳೇ ಐಸ್ ಮೇಲೆ ತಂದಿದೆ. ಸುಮಾರು 10 ಲಕ್ಷ ವರ್ಷದ ಹಿಂದೆ ಹಿಮಯುಗಗಳ ತಾಳ 41 ಸಾವಿರ ವರ್ಷದಿಂದ 1 ಲಕ್ಷಕ್ಕೆ ಯಾಕೆ ಬದಲಾಯ್ತು ಅನ್ನೋದು ಇನ್ನೂ ಬಗೆಹರಿಯದ ಜಗಳ, ಆ ಗುಳ್ಳೆಗಳಲ್ಲಿ ಹುಡುಕ್ತಿರೋದು ಅದನ್ನೇ, ಅವರು ಮೊದಲು ಅಳೆಯೋಕೆ ಹೊರಟಿರೋದ್ರಲ್ಲಿ ಸಿಒಟು ಇದ್ದೇ ಇದೆ.